ಮೂರನೆಯ ಕೂಗಿಗೆ ಓ

ಬೇರೆ ಲೋಕಗಳಲ್ಲಿ ನಮ್ಮಂತೆ ಯೋಚಿಸುವ ಜೀವಿಗಳಿದ್ದಾರೋ ಇಲ್ಲವೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಶುರುವಾದದ್ದು ದೋಸೆ ಕಾವಲಿಯ ಮುಂದೆ. ಮಗಳಿಗೆ ಆಗ ಎಂಟು ವರ್ಷ. ಅವಳ ಟೀಚರ್ ಕ್ಲಾಸಿಗೆಲ್ಲ ಒಂದು ಕೆಲಸ ಕೊಟ್ಟಿದ್ದರು. ದೂರದ ಯಾವುದೋ ಗ್ರಹದಲ್ಲಿ ಬುದ್ಧಿವಂತರಿದ್ದಾರೆ ಎಂದುಕೊಳ್ಳಿ, ಅವರಿಗೆ ನೀವು ಹೇಳುವ ಮೊದಲ ಮಾತು ಯಾವುದು, ಒಂದೇ ಸಾಲಿನಲ್ಲಿ ಬರೆದುಕೊಂಡು ಬನ್ನಿ ಎಂದು.

ನನ್ನ ಗಂಡನಿಗೆ ಅಷ್ಟು ಸಾಕಾಯಿತು. ಅವರ ಕೆಲಸ ಸಾಫ್ಟ್‌ವೇರಿನಲ್ಲಿ, ಮನಸ್ಸು ಮಾತ್ರ ಆಕಾಶದಲ್ಲಿ. ಅಮೆರಿಕದ ಬೋಥೆಲ್ಲಿನ ನಮ್ಮ ಮನೆಯ ಮೇಲೆ ವರ್ಷದ ಮುಕ್ಕಾಲು ಪಾಲು ಮೋಡ ಕವಿದಿರುತ್ತದೆ. ಆದರೂ ಟೆಲಿಸ್ಕೋಪು ಕೊಂಡು ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡಿರುವ ಆಸಾಮಿ ಅವರು. ಚಟ್ನಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಮಗಳ ಕಡೆ ತಿರುಗಿ ಕೂತರು.

"ಒಂದು ಮೂಟೆ ರಾಗಿ ಚೆಲ್ಲಿದೀವಿ ಅಂದ್ಕೋ ಪುಟ್ಟಿ. ಅದರಲ್ಲಿ ಒಂದೇ ಒಂದು ಕಾಳು ಮೊಳಕೆ ಒಡೀತು, ಮಿಕ್ಕಿದ್ದೆಲ್ಲ ಹಾಗೇ ಬಿದ್ದಿತ್ತು ಅಂದ್ರೆ ನಂಬ್ತೀಯಾ? ನಕ್ಷತ್ರ ಮೂಟೆಗಟ್ಟಲೆ ಇವೆ. ಅದರ ಸುತ್ತ ಗ್ರಹ ಇವೆ. ನಾವೊಬ್ರೇ ಇರೋಕೆ ಚಾನ್ಸೇ ಇಲ್ಲ."

"ಹುರಿದ ರಾಗಿ ಆಗಿದ್ರೆ ಒಂದೂ ಮೊಳೆಯಲ್ಲ, ಅಳಿಯಂದ್ರೇ" ಎಂದಳು ನಮ್ಮಮ್ಮ, ಕಾವಲಿಯಿಂದ ಕಣ್ಣು ತೆಗೆಯದೆ.

ಅಮ್ಮ ಮೈಸೂರಿನ ಹಳೆಯ ಮೊಹಲ್ಲಾದವಳು. ಆ ಸಲ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದಳು. ಬಂದ ಮೊದಲ ವಾರದಲ್ಲೇ ಮೊಮ್ಮಗಳ ಮೇಲೆ ಅವಳಿಗೊಂದು ತಕರಾರು ಹುಟ್ಟಿತ್ತು. ಮಗುವಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ಅದನ್ನಾದರೂ ಅಮ್ಮ ಸಹಿಸಿಯಾಳು. ಆದರೆ 'ಪುಟ್ಟೀ' ಎಂದು ಕೂಗಿದರೆ ಮಹಡಿಯಿಂದ 'ವಾಟ್?' ಎಂದು ಬರುವ ಸದ್ದನ್ನು ಅವಳಿಂದ ಸಹಿಸಲಾಗಲಿಲ್ಲ.

"ಕರೆದ್ರೆ ಓ ಅನ್ಬೇಕು ಕಣೇ. ವಾಟ್ ಅಂದ್ರೆ ಏನದು, ಜಗಳಕ್ಕೆ ಬಂದೋರ ಹಾಗೆ? ನಮ್ಮಲ್ಲಿ ಹಸು ಕೂಡ ಕರೆದ್ರೆ ಅಂಬಾ ಅನ್ನುತ್ತೆ."

ಮಗಳು ನಗುತ್ತಿದ್ದಳು, ಓ ಅನ್ನುತ್ತಿರಲಿಲ್ಲ.

ಇನ್ನು ನನ್ನ ವಿಷಯ. ನನ್ನದು ಪುಕ್ಕಲು ಜೀವ. ಪುಕ್ಕಲರಿಗೆ ಮೂಗಿನ ತುದಿಯಲ್ಲೇ ಸಿಟ್ಟು, ಹೆದರಿದ್ದು ಹೊರಗೆ ಕಾಣಬಾರದಲ್ಲ. ನಾನು ಕೆಲಸ ಮಾಡುವುದು ಕ್ಯಾನ್ಯನ್ ಪಾರ್ಕ್ ಎಂಬ ಬಡಾವಣೆಯ ಒಂದು ಆಫೀಸಿನಲ್ಲಿ. ಅಲ್ಲಿ ನಾವು ಮಾಡುವುದು ಸ್ಕ್ಯಾನಿಂಗ್ ಯಂತ್ರ, ಬಸುರಿಯರ ಹೊಟ್ಟೆಯ ಮೇಲಿಟ್ಟು ಮಗುವನ್ನು ನೋಡುತ್ತಾರಲ್ಲ, ಅದು. ಮೈಯೊಳಕ್ಕೆ ಒಂದು ಸದ್ದು ಕಳಿಸಿ, ಅದು ಎಲ್ಲೆಲ್ಲಿ ತಾಗಿ ಹಿಂದಿರುಗುತ್ತದೋ ಕೇಳಿಸಿಕೊಂಡು ಚಿತ್ರ ಬಿಡಿಸುವ ಯಂತ್ರ. ಹೊಟ್ಟೆಪಾಡಿಗೆ ನಾನು ಮಾಡುವುದು ಮಾರ್ದನಿಯ ಕೆಲಸ ಎನ್ನಬಹುದು. ಬಂದದ್ದರಲ್ಲಿ ಬರೀ ಸದ್ದು ಯಾವುದು, ಸುದ್ದಿ ಯಾವುದು ಎಂದು ಬೇರೆ ಮಾಡುತ್ತ ಹಗಲು ಕಳೆಯುತ್ತೇನೆ. ಹಾಗಾಗಿ ಗಂಡ ಆಕಾಶಕ್ಕೆ ಕಿವಿಗೊಟ್ಟು ಕೂತ ವಿಜ್ಞಾನಿಗಳ ಕತೆ ಹೇಳಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತಿತ್ತು. ಇಷ್ಟು ವರ್ಷ ಕೇಳಿದ್ದಾರೆ, ಒಂದು ಮಾತೂ ಕೇಳಿಸಿಲ್ಲ. ಅಷ್ಟು ದೊಡ್ಡ ಊರಿನಲ್ಲಿ ಒಂದು ಮನೆಯಿಂದಲೂ ಪಾತ್ರೆಯ ಸದ್ದಿಲ್ಲ ಎಂದರೆ ಏನರ್ಥ? ಯಾರೂ ಇಲ್ಲವೆಂದೋ, ಎಲ್ಲರೂ ಬಾಗಿಲು ಹಾಕಿಕೊಂಡು ಉಸಿರು ಬಿಗಿಹಿಡಿದು ಕೂತಿದ್ದಾರೆಂದೋ? ಯಾರೂ ಇಲ್ಲದಿದ್ದರೆ ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ನಾವು. ಇದ್ದೂ ಸುಮ್ಮನಿದ್ದರೆ, ಅವರು ಯಾವುದಕ್ಕೆ ಹೆದರಿ ಸುಮ್ಮನಿದ್ದಾರೋ ಅದು ನಮಗಿನ್ನೂ ಗೊತ್ತಾಗಿಲ್ಲ ಎಂದಾಯಿತು. ಎರಡರಲ್ಲಿ ಯಾವುದನ್ನು ನೆನೆದರೂ ನನಗೆ ದೋಸೆ ಇಳಿಯುತ್ತಿರಲಿಲ್ಲ.

"ಇದ್ರೆ ಇರ್ಲಿ ರೀ, ನಮ್ಮ ಸುದ್ದಿಗೆ ಬರದೇ ಇದ್ರೆ ಸಾಕು" ಎಂದು ನಾನು ಗದರಿದೆ.

ಮಗಳು ಅಪ್ಪನನ್ನು ಇಂಗ್ಲಿಷಿನಲ್ಲೇ ಕೇಳಿದಳು. ಅಷ್ಟೊಂದು ಜನ ಇದ್ದರೆ ನಮ್ಮನ್ನು ಯಾಕೆ ಯಾರೂ ಕರೆಯುತ್ತಿಲ್ಲ? ಅವರು ದೂರದ ಮಾತು ಹೇಳಿದರು. ಅಲ್ಲಿಂದ ಇವತ್ತು ಹಲೋ ಅಂದರೆ ಇಲ್ಲಿ ಕೇಳುವ ಹೊತ್ತಿಗೆ ನಿನ್ನ ಮರಿಮಕ್ಕಳಿಗೆ ಮೊಮ್ಮಕ್ಕಳಾಗಿರುತ್ತಾರೆ ಎಂದರು. ಮಗುವಿನ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಕರೆದರೆ ಏನು ಮಾಡಬೇಕು, ಬಂದೇಬಿಟ್ಟರೆ ಏನು ಮಾಡಬೇಕು ಎಂದು ಅವಳ ಕಣ್ಣು ಅಗಲವಾದವು. ನನ್ನ ಪುಕ್ಕಲುತನ ಅವಳಿಗೂ ಬಂದಿದೆ.

ಆಗ ಅಮ್ಮ ಕಾವಲಿಯ ಒಲೆ ಆರಿಸಿ ಬಂದು ಅವಳ ಪಕ್ಕ ಕೂತಳು.

"ಕರೆದ ತಕ್ಷಣ ಓ ಅನ್ನಬಾರದು, ತಿಳೀತಾ? ಹೊರಗಡೆಯಿಂದ, ಮುಖ ಕಾಣದೆ ಇರೋ ಕಡೆಯಿಂದ ಯಾರಾದ್ರೂ ಕರೆದ್ರೆ ಸುಮ್ಮನಿರಬೇಕು. ದೆವ್ವ ಒಂದೇ ಸಲ ಕರೆಯೋದು. ಅದಕ್ಕೆ ಎರಡನೇ ಸಲ ಕರೆಯೋಕೆ ಬರಲ್ಲ. ನಿಮ್ಮಮ್ಮನ ದನೀಲೇ ಕರೆಯುತ್ತೆ, ಮೋಸ ಹೋಗಬಾರದು. ಮೂರು ಸಲ ಕರೆದ್ರೆ ಅದು ಮನುಷ್ಯರು. ಆಮೇಲೆ ಓ ಅನ್ನು."

ನಾನೂ ಚಿಕ್ಕವಳಿದ್ದಾಗ ಇದನ್ನೇ ಕೇಳಿ ಬೆಳೆದವಳು. ನಮ್ಮ ಬೀದಿಯಲ್ಲಿ ಎಷ್ಟೋ ಮನೆಗಳ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದಿರುತ್ತಿದ್ದರು. ಬಾಗಿಲು ಬಡಿಯಲು ಬಂದ ದೆವ್ವ ಅದನ್ನು ಓದಿಕೊಂಡು ಹಿಂದಿರುಗುತ್ತದೆ, ಮಾರನೆಯ ದಿನ ಬಂದರೂ ಅದೇ ಬರಹ. ದೆವ್ವಕ್ಕೆ ಓದು ಬರುತ್ತದೆ, ಲೆಕ್ಕ ಬರುವುದಿಲ್ಲ ಎಂದು ನಾವು ಹುಡುಗಿಯರು ಹಗಲಿನಲ್ಲಿ ತಮಾಷೆ ಮಾಡುತ್ತಿದ್ದೆವು. ಸಂಜೆಯಾದ ಮೇಲೆ ಯಾರಿಗೂ ತಮಾಷೆ ಹೊಳೆಯುತ್ತಿರಲಿಲ್ಲ.

ಮಗಳು ಹಟ ಹಿಡಿದು ಅಜ್ಜಿಯಿಂದ ನಮ್ಮ ಮುಂಬಾಗಿಲ ಮೇಲೂ ಬರೆಸಿದಳು. ಎದುರುಮನೆಯ ತೆಲುಗಿನವರು ಅಕ್ಷರ ಕೂಡಿಸಿ ಓದಿ, ಮನೆಗೆ ಹೆಸರಿಟ್ಟಿರಾ ಎಂದು ಕೇಳಿದರು. ಟೀಚರಿಗೆ ಬರೆದುಕೊಂಡು ಹೋದ ಸಾಲೂ ಅದೇ. ಮಿಕ್ಕ ಮಕ್ಕಳೆಲ್ಲ ನಮಸ್ಕಾರ, ನಮ್ಮ ಭೂಮಿ ಚೆನ್ನಾಗಿದೆ, ಐಸ್‌ಕ್ರೀಮ್ ಇಷ್ಟವೇ ಎಂದೆಲ್ಲ ಬರೆದಿದ್ದರೆ ನಮ್ಮವಳದು 'ನಾಳೆ ಬಾ' ಎಂಬುದರ ಇಂಗ್ಲಿಷು. ಎಂಥ ಆತ್ಮೀಯ ಆಹ್ವಾನ ಎಂದು ಟೀಚರ್ ಮೆಚ್ಚಿ ಗೋಡೆಗೆ ಅಂಟಿಸಿದರಂತೆ. ಅದನ್ನು ಹೇಳಿಕೊಂಡು ನಾವೆಲ್ಲ ನಕ್ಕೆವು. ಮಗಳು ಮಾತ್ರ ನಗಲಿಲ್ಲ, ಅವಳು ಅದನ್ನು ನಂಬಿಬಿಟ್ಟಿದ್ದಳು.

ಒಂದು ವಾರ ಊಟಕ್ಕೆ ಕರೆದರೂ ಮೂರನೆಯ ಕೂಗಿನವರೆಗೆ ಅವಳು ಜಪ್ಪಯ್ಯ ಎನ್ನಲಿಲ್ಲ. ನನ್ನ ಗಂಟಲು ಹೋಗುತ್ತದೆ, ಈ ನಾಟಕ ಬಿಡು ಎಂದು ನಾನು ರೇಗಿದ ಮೇಲೆ ಅಮ್ಮನೇ ತಿದ್ದುಪಡಿ ಮಾಡಿದಳು. ಮನೆಯೊಳಗೆ ಕಾಯಬೇಕಿಲ್ಲ, ಹೊರಗೆ ಮುಖ ಕಾಣದ ಕಡೆ ಮಾತ್ರ. ಅಲ್ಲಿಗೆ ಅದು ಮುಗಿಯಿತು ಎಂದುಕೊಂಡು ನಾನು ಮರೆತುಬಿಟ್ಟೆ.

ದೀಪಾವಳಿ ಮುಗಿದ ಮೇಲಿನ ಭಾನುವಾರ ಸ್ನೊಕ್ವಾಲ್ಮಿ ಎಂಬ ಊರಿನ ಸ್ನೇಹಿತರ ಮನೆಯಲ್ಲಿ ಊಟ, ಅಮ್ಮನೂ ಜೊತೆಗೆ ಬಂದಿದ್ದಳು. ಗುಡ್ಡದ ಮೇಲಿನ ಹೊಸ ಬಡಾವಣೆ, ಅವರ ಹಿತ್ತಲು ಮುಗಿದಲ್ಲಿಂದಲೇ ಕಾಡು. ಒಂದು ಕಾಲುದಾರಿ ಮರಗಳ ನಡುವೆ ಇಳಿಯುತ್ತ ಹೋಗುತ್ತದೆ, ಅದರ ಬಲಗಡೆ ಕಮರಿ, ಕಮರಿಯ ತಳದಲ್ಲಿ ಹೊಳೆ. ದಾರಿಯ ಬಾಯಲ್ಲಿ, ಇಲ್ಲಿ ಕೂಗರ್ ಎಂಬ ಕಾಡುಬೆಕ್ಕಿನ ಓಡಾಟವಿದೆ, ಮಕ್ಕಳನ್ನು ಹತ್ತಿರ ಇಟ್ಟುಕೊಳ್ಳಿ ಎಂದು ಬೋರ್ಡಿದೆ. ಬೆಕ್ಕು ಎಂದರೆ ಬೆಕ್ಕಲ್ಲ, ಜಿಂಕೆಯನ್ನು ಹೊತ್ತೊಯ್ಯುವಷ್ಟು ದೊಡ್ಡದು. ಬಂದಾಗಲೆಲ್ಲ ನಾನು ಆ ಬೋರ್ಡನ್ನು ಓದುತ್ತೇನೆ, ಆ ಮನೆಯವರು ನಗುತ್ತಾರೆ.

ಊಟವಾದ ಮೇಲೆ ಮಕ್ಕಳು ಹಿತ್ತಲಿನಲ್ಲಿ ಕಣ್ಣಾಮುಚ್ಚಾಲೆ ಆಡುತ್ತಿದ್ದರು. ನಾವು ಒಳಗೆ ಕಾಫಿ ಕುಡಿಯುತ್ತಿದ್ದೆವು. ನನ್ನ ಗಂಡ ರಾಗಿ ಮೂಟೆಯ ವಾದವನ್ನು ಅಲ್ಲೂ ಬಿಚ್ಚಿದ್ದರು. ಕಿಟಕಿಯಾಚೆ ಕಮರಿಯಿಂದ ಮಂಜು ಏಳುವುದು ಕಂಡಿತು. ನೋಡನೋಡುತ್ತಿದ್ದಂತೆ ಬೇಲಿ ಮಾಯವಾಯಿತು, ಆಮೇಲೆ ಹಿತ್ತಲಿನ ಉಯ್ಯಾಲೆಯೂ ಮಾಯವಾಯಿತು. ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಬಂದರು. ಕೊನೆಯ ಹುಡುಗಿ ಬಾಗಿಲು ಹಾಕಿದಳು.

ನನ್ನವಳು ಎಲ್ಲಿ ಎಂದೆ. ಎಷ್ಟು ಹುಡುಕಿದರೂ ಸಿಗಲಿಲ್ಲ, ಅವಳೇ ಗೆದ್ದಳು ಎಂದರು ಮಕ್ಕಳು.

ಎಲ್ಲರೂ ಇಲ್ಲೇ ಇರುತ್ತಾಳೆ ಬಿಡಿ ಎನ್ನುತ್ತ ಚಪ್ಪಲಿ ಮೆಟ್ಟುವ ಹೊತ್ತಿಗೆ ನಾನು ಬರಿಗಾಲಿನಲ್ಲಿ ಹಿತ್ತಲು ದಾಟಿದ್ದೆ. ಗೇಟು ತೆರೆದಿತ್ತು. "ಪುಟ್ಟೀ!" ಎಂದು ಕೂಗಿದೆ. ಉತ್ತರವಿಲ್ಲ. ಓಡಿದೆ. ಸ್ವಲ್ಪ ಕೆಳಗೆ ಹೋಗಿ ಮತ್ತೆ ಕೂಗಿದೆ. ಮಂಜಿನಲ್ಲಿ ಎರಡು ಮಾರು ಆಚೆಯ ಮರ ಕಾಣುತ್ತಿರಲಿಲ್ಲ. ಹಿಂದೆಯೇ ಗಂಡ ಬಂದರು, ಸ್ನೇಹಿತರು ಬಂದರು, ಅಕ್ಕಪಕ್ಕದ ಅಮೆರಿಕನ್ನರೂ ಟಾರ್ಚು ಹಿಡಿದು ಬಂದರು. ಒಬ್ಬರು ಶಾಲೆಯಲ್ಲಿ ಕರೆಯುವ ಅವಳ ಹೆಸರು ಕೂಗಿದರು, ಇನ್ನೊಬ್ಬರು ಪುಟ್ಟಿ ಎಂದರು, ಮತ್ತೊಬ್ಬರು ಸ್ವೀಟಿ ಎಂದರು. ಒಬ್ಬೊಬ್ಬರೂ ಒಂದೊಂದು ಸಲ ಕೂಗುವುದು, ಉತ್ತರವಿಲ್ಲವೆಂದು ಮುಂದಕ್ಕೆ ಓಡುವುದು, ಬೇರೆ ಕಡೆ ನಿಂತು ಮತ್ತೊಂದು ಸಲ ಕೂಗುವುದು. ಕಾಡಿನ ತುಂಬ ಬೇರೆ ಬೇರೆ ದನಿಗಳು. ಯಾರೋ ಪೊಲೀಸರಿಗೆ ಕಾಲ್ ಮಾಡಿದರು. ಬರುತ್ತಾರೆ, ಮಂಜಿಗೆ ತಡವಾಗುತ್ತದೆ ಎಂದು ತಿಳಿಯಿತು.

ನವೆಂಬರಿನಲ್ಲಿ ಇಲ್ಲಿ ಸಂಜೆಯೆಂಬುದೇ ಇರುವುದಿಲ್ಲ. ಮಧ್ಯಾಹ್ನ ಮುಗಿದ ಕೂಡಲೇ ಕತ್ತಲು. ಮಂಜು ಬಿಳಿಯಿಂದ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಅವಳ ಮೈಮೇಲೆ ತೆಳುವಾದ ಒಂದು ಲಂಗ, ಹಬ್ಬದ ಬ್ಲೌಸು. ಸ್ವೆಟರ್ ಸೋಫಾದ ಮೇಲೇ ಇತ್ತು. ಗಂಡ ನನ್ನ ಪಕ್ಕದಲ್ಲಿ ಏದುಸಿರು ಬಿಡುತ್ತ ನಿಂತರು. ಜ್ಯೋತಿರ್ವರ್ಷಗಳ ಲೆಕ್ಕ ಹೇಳುವ ಮನುಷ್ಯ, ಕೂಗಳತೆಯೊಳಗಿನ ಮಗಳು ಸಿಗದೆ ಅಳುತ್ತಿದ್ದರು. ಅವರು ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನಗೆ ಅಳುವೂ ಬರಲಿಲ್ಲ. ಹೊಳೆಯ ಸದ್ದು ಬಲಗಡೆಯಿಂದ ಒಂದೇ ಸಮನೆ ಬರುತ್ತಿತ್ತು, ಅದನ್ನು ಕೇಳದಿರಲು ನಾನು ಕಿವಿ ಮುಚ್ಚಿಕೊಂಡೆ.

ಯಾರೋ ನನ್ನ ಕೈ ಹಿಡಿದೆಳೆದರು. ಅಮ್ಮ. ಮಂಡಿನೋವಿನವಳು ಆ ಇಳಿಜಾರನ್ನು ಹೇಗೆ ಇಳಿದು ಬಂದಳೋ, ಸೀರೆಯ ಅಂಚೆಲ್ಲ ಕೆಸರು. ಮುಖ ಸುಣ್ಣದ ಹಾಗಿತ್ತು.

"ಎಲ್ಲರೂ ಒಂದೊಂದೇ ಸಲ ಕೂಗ್ತಿದೀರಲ್ಲೇ" ಎಂದಳು.

ನನಗೆ ಅರ್ಥವಾಗಲಿಲ್ಲ. ಕೈ ಕೊಡವಿಕೊಂಡೆ.

"ಮಗು ಕಾಯ್ತಾ ಕೂತಿದೆ ಕಣೇ! ಒಂದ್ಸಲ ಕರೆದು ಓಡಿ ಹೋದ್ರೆ ಅದು ಏನಂದ್ಕೊಳ್ಳುತ್ತೆ? ಮುಖ ಕಾಣ್ತಾ ಇಲ್ಲ. ನಾನೇ ಹೇಳಿದ್ನಲ್ಲೇ, ಓ ಅನ್ನಬೇಡ ಅಂತ. ನಾನೇ ಬಾಯಿ ಕಟ್ಟಿಬಿಟ್ನಲ್ಲೇ."

ಆಗ ಅರ್ಥವಾಯಿತು. ಇಷ್ಟು ಹೊತ್ತು ನನ್ನ ಮಗಳು ಎಲ್ಲೋ ಇಲ್ಲೇ ಕೂತು ನಮ್ಮೆಲ್ಲರ ಕೂಗನ್ನು ಕೇಳಿಸಿಕೊಳ್ಳುತ್ತಿದ್ದಾಳೆ. ಪ್ರತಿ ಕೂಗೂ ಒಂದೇ ಸಲ. ಪ್ರತಿಯೊಂದೂ ಬೇರೆ ಬೇರೆ ಕಡೆಯಿಂದ. ಅವಳ ಪಾಲಿಗೆ ಈ ಕಾಡಿನ ತುಂಬ ದೆವ್ವಗಳು, ಅದರಲ್ಲಿ ಒಂದಕ್ಕೆ ನನ್ನದೇ ದನಿ.

"ಎಲ್ಲರನ್ನೂ ಸುಮ್ಮನಿರಿಸು. ನೀನೊಬ್ಬಳೇ ಕರಿ. ನಿಂತ ಕಡೆಯೇ ನಿಲ್ಲು. ಬಿಟ್ಟು ಬಿಟ್ಟು ಮೂರು ಸಲ ಕರಿ" ಎಂದಳು ಅಮ್ಮ.

ಎಲ್ಲರನ್ನೂ ಸುಮ್ಮನಿರಿಸುವುದು ಸುಲಭವಾಗಿರಲಿಲ್ಲ. ಮಗು ಕಳೆದಿರುವಾಗ ಕೂಗುವುದನ್ನು ನಿಲ್ಲಿಸಿ ಎನ್ನುವ ತಾಯಿಯನ್ನು ಆ ಅಮೆರಿಕನ್ನರು ಹೇಗೆ ನೋಡಿದರೆಂದು ಇಂದೂ ನೆನಪಿದೆ. ಗಂಡ ಓಡಾಡಿ ಒಬ್ಬೊಬ್ಬರಿಗೂ ಕೈಮುಗಿದರು. ಕೊನೆಗೆ ಕಾಡು ನಿಶ್ಶಬ್ದವಾಯಿತು.

"ಪುಟ್ಟೀ!" ಎಂದೆ.

ಏನೂ ಇಲ್ಲ. ಒಂದು ಗಳಿಗೆ ಬಿಟ್ಟು ಕಮರಿಯ ಆಚೆಯಿಂದ "ಪುಟ್ಟೀ" ಎಂದು ತೆಳ್ಳಗೆ ವಾಪಸು ಬಂತು, ನನ್ನದೇ ದನಿ. ಅದು ಮಾರ್ದನಿ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಗಲೆಲ್ಲ ಅದರ ಜೊತೆಯೇ ಬದುಕುವವಳು. ಆದರೂ ಆ ಹೊತ್ತಿನಲ್ಲಿ ಎದುರುಗಡೆ ಯಾರೋ ನನ್ನ ಮಗಳನ್ನು ನನ್ನಂತೆಯೇ ಕರೆಯುತ್ತಿದ್ದಾರೆ ಎನಿಸಿತು.

"ಪುಟ್ಟೀ!" ಎರಡನೆಯದು. ಎಲೆಗಳಿಂದ ಹನಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಅವಳು ಇಲ್ಲವೇ ಇಲ್ಲ, ಅಮ್ಮನ ಮಾತು ಕಟ್ಟಿಕೊಂಡು ನಾನು ಹೊತ್ತು ಕಳೆಯುತ್ತಿದ್ದೇನೆ, ಮಗು ಹೊಳೆಗೆ ಬಿದ್ದಾಗಿದೆ ಎಂದು ಮನಸ್ಸು ಹೇಳುತ್ತಿತ್ತು. ಮೂರನೆಯದನ್ನು ಕೂಗಲು ಭಯವಾಯಿತು. ಅದಕ್ಕೂ ಉತ್ತರ ಬರದಿದ್ದರೆ ಆಮೇಲೆ ಕಾಯಲು ಏನೂ ಉಳಿಯುವುದಿಲ್ಲ. ಅಮ್ಮ ನನ್ನ ಬೆನ್ನಿಗೆ ಗುದ್ದಿದಳು.

"ಪುಟ್ಟೀ!"

"ಓ" ಎಂದಿತು ಮಂಜು.

ಸಣ್ಣ ದನಿ, ಅಳು ಬೆರೆತದ್ದು. ವಾಟ್ ಅಲ್ಲ, ಓ. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಓ ಅದು.

ಅವಳು ಸಿಕ್ಕಿದ್ದು ಬುಡಮೇಲಾದ ಒಂದು ದೇವದಾರು ಮರದ ಬೇರುಗಳ ಸಂದಿಯಲ್ಲಿ, ಮೊಣಕಾಲು ಎದೆಗೊತ್ತಿಕೊಂಡು ಕೂತಿದ್ದಳು. ತುಟಿ ನೀಲಿಯಾಗಿತ್ತು. ಬೇರಿನಿಂದ ನಾಲ್ಕು ಹೆಜ್ಜೆ ಆಚೆಗೆ ನೆಲವೇ ಇರಲಿಲ್ಲ. ಟಾರ್ಚಿನ ಬೆಳಕು ಅಲ್ಲಿಂದ ಕೆಳಗೆ ಬಿದ್ದು ಎಲ್ಲೂ ತಾಗದೆ ಹೋಯಿತು.

ಅವಳನ್ನು ಗಂಡನ ಕೋಟಿನಲ್ಲಿ ಸುತ್ತಿ ಎತ್ತಿಕೊಂಡು ಬರುವಾಗ ನನಗೆ ಅಮ್ಮನ ಮೇಲೆ ಎಲ್ಲಿಲ್ಲದ ಸಿಟ್ಟು ಏರುತ್ತಿತ್ತು. ಭಯ ಇಳಿದ ಜಾಗಕ್ಕೆ ಸಿಟ್ಟು ಬರುವುದು ನನ್ನ ಅಭ್ಯಾಸ. ದೆವ್ವದ ಕತೆ ಹೇಳಿ ಮಗುವನ್ನು ಕೊಲ್ಲುವುದರಲ್ಲಿದ್ದೆ ಎಂದು ಬಾಯಿಗೆ ಬಂದದ್ದನ್ನು ಅನ್ನಲು ಹೊರಟಿದ್ದೆ. ಅಮ್ಮ ತಲೆ ತಗ್ಗಿಸಿಕೊಂಡು ಹಿಂದೆ ಬರುತ್ತಿದ್ದಳು, ಬೈಸಿಕೊಳ್ಳಲು ಸಿದ್ಧಳಾದವಳಂತೆ.

ಅಷ್ಟರಲ್ಲಿ ಮಗಳು ನನ್ನ ಕಿವಿಯ ಹತ್ತಿರ ಇಂಗ್ಲಿಷಿನಲ್ಲಿ ಹೇಳಿದಳು. ನೀನು ಮೊದಲು ಆ ಕಡೆಯಿಂದ ಕರೆದೆಯಲ್ಲ, ಆಗ ನಾನು ಎದ್ದಿದ್ದೆ. ಬರೋಣ ಅಂತಿದ್ದೆ. ಆದರೆ ನೀನು ಒಂದೇ ಸಲ ಕರೆದೆ. ಅದಕ್ಕೇ ಅಜ್ಜಿ ಹೇಳಿದ ಹಾಗೆ ಕೂತುಬಿಟ್ಟೆ.

ಯಾವ ಕಡೆಯಿಂದ ಎಂದು ಕೇಳಿದೆ. ಕೋಟಿನೊಳಗಿಂದ ಕೈ ಹೊರಗೆ ಚಾಚಿ ಅವಳು ತೋರಿಸಿದ್ದು ಕಮರಿಯ ಕಡೆಗೆ.

"ಪುಟ್ಟಿ ಬಾ ಅಂದೆ" ಎಂದಳು, ಈ ಸಲ ಕನ್ನಡದಲ್ಲಿ, ಕೇಳಿದ್ದನ್ನು ಕೇಳಿದ ಹಾಗೇ.

ನನ್ನ ಸಿಟ್ಟೆಲ್ಲ ಅಲ್ಲೇ ನಿಂತಿತು. ಮಾರ್ದನಿ ಎಂದು ಅವಳಿಗೆ ಹೇಳಿದೆ, ನನ್ನ ದನಿಯೇ ಬಂಡೆಗೆ ತಾಗಿ ಬಂದದ್ದು ಎಂದು. ಅದು ನಿಜವೇ ಇರಬೇಕು. ಆದರೆ ಓಡುತ್ತ ಓಡುತ್ತ ನಾನು ಕೂಗಿದ್ದು ಬರೀ 'ಪುಟ್ಟೀ' ಎಂದೋ, ಜೊತೆಗೆ 'ಬಾ' ಎಂದೂ ಅಂದಿದ್ದೆನೋ? ಎಷ್ಟು ನೆನೆಸಿಕೊಂಡರೂ ನೆನಪಿಗೆ ಬರುತ್ತಿಲ್ಲ. ಗಂಡ ಅಂದಿರುತ್ತೀಯ ಎನ್ನುತ್ತಾರೆ. ಅಮ್ಮನನ್ನು ಕೇಳಿದರೆ ಆ ಮಾತು ಬೇಡ ಎಂದುಬಿಡುತ್ತಾಳೆ. ಅಂದು ನಾನು ಅಮ್ಮನನ್ನು ಬೈಯಲಿಲ್ಲ. ಕಾರಿನಲ್ಲಿ ಮಗಳ ತಣ್ಣನೆಯ ಪಾದಗಳನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಬೋಥೆಲ್ಲಿನವರೆಗೂ ತಿಕ್ಕಿದೆ.

ಅಮ್ಮ ಮೈಸೂರಿಗೆ ಹಿಂದಿರುಗಿದಳು. ಬಾಗಿಲ ಮೇಲಿನ ಸೀಮೆಸುಣ್ಣ ಮಳೆಗೆ ತೊಳೆದುಹೋಯಿತು. ನನ್ನ ಗಂಡ ಈಗಲೂ ಆಕಾಶದ ಸುದ್ದಿ ಓದುತ್ತಾರೆ, ರಾಗಿ ಮೂಟೆಯ ಮಾತು ಮಾತ್ರ ಕಡಿಮೆಯಾಗಿದೆ. ಅಲ್ಲಿ ಯಾರಾದರೂ ಇರುತ್ತಾರಾ ಎಂದು ಮೊನ್ನೆ ನಾನೇ ಕೇಳಿದೆ. ಇರುತ್ತಾರೆ ಎಂದರು, ಮೊದಲಿನ ಉತ್ಸಾಹವಿಲ್ಲದೆ. ನನಗೂ ಈಗ ಹಾಗೆಯೇ ಅನಿಸುತ್ತದೆ. ಇದ್ದಾರೆ. ನಮ್ಮ ಕೂಗು ಅವರಿಗೆ ಕೇಳಿಸಿದೆ. ಅಲ್ಲೂ ಒಬ್ಬಳು ಅಜ್ಜಿ ಮೊಮ್ಮಗಳ ಬಾಯಿಗೆ ಕೈ ಅಡ್ಡ ಹಿಡಿದು, ತಾಳು, ಇನ್ನೊಂದು ಸಲ ಕರೆಯಲಿ ಎನ್ನುತ್ತಿರಬೇಕು. ನಾವೋ ಒಂದು ಸಲ ಕೂಗಿ ಮುಂದಕ್ಕೆ ಓಡುವ ಜನ. ಮತ್ತೆ ಕೂಗಬೇಕೋ, ಕಮರಿಯ ಆ ಕಡೆ ಯಾರಿದ್ದಾರೆಂದು ತಿಳಿಯದೆ ಸುಮ್ಮನಿರಬೇಕೋ, ನನಗೆ ಗೊತ್ತಿಲ್ಲ.

ಸಂಜೆ ಹಿತ್ತಲಿನಲ್ಲಿ ಆಡುವ ಮಗಳನ್ನು ಒಳಗೆ ಕರೆಯಲು ಬಾಗಿಲಲ್ಲಿ ನಿಲ್ಲುತ್ತೇನೆ. ನಿಂತ ಕಡೆಯೇ ನಿಂತು ಮೂರು ಸಲ ಕರೆಯುತ್ತೇನೆ. ಮೊದಲೆರಡು ಕೂಗಿಗೆ ಅವಳು ಸುಮ್ಮನಿರುತ್ತಾಳೆ. ಆ ಸುಮ್ಮನಿರುವಿಕೆಯಲ್ಲಿ ಪ್ರತಿಸಲವೂ ನನ್ನ ಜೀವ ಬಾಯಿಗೆ ಬರುತ್ತದೆ. ಆದರೂ ಬೇಗ ಓ ಅನ್ನು ಎಂದು ಹೇಳಲು ನನಗೆ ಧೈರ್ಯವಿಲ್ಲ.